ಸಿಡಿಲಮ್ಮನ ಮುಖಕ್ಕೆ ಹತ್ತಕ್ಕೆ ಎರಡು

೧

ಮೊದಲು ಅಮರೇಶನ ಕಪಾಟಿನಿಂದ ಶುರು ಮಾಡಿದ್ದೆ. ‘ಅಗ್ರಹಾರದ ಓಣಿಯೊಂದರ ಮಹಡಿಮನೆಯಲ್ಲಿ, ಗಾಜಿನ ಹಿಂದೆ, ಲೋಕವನ್ನು ಕಾಪಾಡುವವರೆಲ್ಲ ಒಬ್ಬರ ಮೇಲೊಬ್ಬರು ಬೀಳುವಂತೆ ನಿಂತಿದ್ದರು.’ ಅಳಿಸಿದೆ. ಹಾಗೆ ಶುರುವಾದರೆ ನೀವು ನಗುತ್ತೀರಿ. ನಲವತ್ತು ದಾಟಿದ ಗಂಡಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೀಲುಕೀಲಿಗೂ ಬಾಗುವ ಸೂಪರ್‌ಹೀರೋ ಗೊಂಬೆ. ನಗಬೇಡಿ ಎನ್ನುವುದಿಲ್ಲ, ಸ್ವಲ್ಪ ತಡೆದು ನಗಿ.

ಎರಡನೆಯ ಡ್ರಾಫ್ಟಿನಲ್ಲಿ, ಬಾಲ್ಯದಲ್ಲಿ ಅವನಿಗೆ ಆಟದ ಸಾಮಾನೇ ಸಿಕ್ಕಿರಲಿಲ್ಲ, ಅದಕ್ಕೇ ಈ ಹುಚ್ಚು ಎಂದು ಬರೆದೆ. ಅಮರೇಶ ಒಪ್ಪಲಿಲ್ಲ. ಬೇಕಾದಷ್ಟು ಸಿಕ್ಕಿತ್ತು, ಸುಮ್ಮಸುಮ್ಮನೆ ನನ್ನನ್ನು ಪಾಪದವನನ್ನಾಗಿ ಮಾಡಬೇಡಿ ಎಂದ. ಸರಿ, ನೇರವಾಗಿ ವಿಡಿಯೋಗೇ ಬರುತ್ತೇನೆ.

೨

ಅಮರೇಶನಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸುವ ಕೆಲಸ. ಮನೆಗೆ ಬಂದರೂ ಅದೇ ಕೆಲಸ, ಆದರೆ ಖುಷಿಯಿಂದ. ಗೊಂಬೆಯನ್ನು ಕ್ಯಾಮೆರಾ ಮುಂದಿಟ್ಟು ಸೊಂಟ ತಿರುಗಿಸುತ್ತಾನೆ, ಮೊಣಕಾಲು ಮಡಿಸುತ್ತಾನೆ, ಆಸರೆಯಿಲ್ಲದೆ ಒಂಟಿಕಾಲಲ್ಲಿ ನಿಲ್ಲುತ್ತದೆಯೇ ನೋಡುತ್ತಾನೆ, ಬಣ್ಣಕ್ಕೆ, ಮುಖಕ್ಕೆ, ಕೀಲಿಗೆ ಬೇರೆಬೇರೆ ಅಂಕ ಕೊಡುತ್ತಾನೆ. ದಾಕ್ಷಿಣ್ಯವಿಲ್ಲ. ಅವನ ಚಾನೆಲ್ಲನ್ನು ಜನ ನೋಡುವುದೇ ಅದಕ್ಕೆ.

ಅದೇ ಕಾರ್ಖಾನೆಯ ಪೇಂಟಿಂಗ್ ವಿಭಾಗದ ಕ್ರಿಸ್ಟೋಫರ್‌ಗೂ ಇದೇ ಹುಚ್ಚು. ಇಬ್ಬರದೂ ಡಿಪ್ಲೊಮಾ ಓದುವ ಕಾಲದ ಗೆಳೆತನ. ಕ್ರಿಸ್ಟೋಫರ್ ಒಂದು ಹೆಜ್ಜೆ ಮುಂದೆ ಹೋಗಿ, ನಜರ್‌ಬಾದಿನ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಸ್ವಂತ ಗೊಂಬೆಯನ್ನೇ ಮಾಡಿದ. ಹೆಸರು ಸಿಡಿಲಮ್ಮ. ಉಟ್ಟ ಸೀರೆಯ ಕಚ್ಚೆ ಬಿಗಿದು, ಎರಡು ಕೈಯಲ್ಲೂ ಸಿಡಿಲು ಹಿಡಿದ ಹೆಂಗಸು. ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದರೆ ಕೆಲಸ ಬಿಟ್ಟು ಇದನ್ನೇ ಮಾಡಬೇಕೆಂಬ ಆಸೆ ಅವನಿಗೆ. ಮಫ್ಲರಿನಲ್ಲಿ ಸುತ್ತಿ ತಂದು ಅಮರೇಶನ ಕೈಯಲ್ಲಿಟ್ಟ.

“ಫ್ರೆಂಡು ಅಂತ ನೋಡ್ಬೇಡ ಕಣೋ. ಎಲ್ರಿಗೂ ಹೇಳ್ದಂಗೇ ಹೇಳು.”

ಅಮರೇಶ ಹಾಗೆಯೇ ಹೇಳಿದ. ಕೀಲಿಗೆ ಹತ್ತಕ್ಕೆ ಒಂಬತ್ತು, ಬಣ್ಣಕ್ಕೆ ಎಂಟು. ಮುಖಕ್ಕೆ ಎರಡು. “ಕೈಯಲ್ಲಿ ಸಿಡಿಲಿದೆ, ಮುಖದಲ್ಲಿ ಕರೆಂಟೇ ಇಲ್ಲ. ಯಾರಾದ್ರೂ ಬಂದು ಕಾಪಾಡ್ಲಿ ಅಂತ ಕಾಯ್ತಿರೋರ ಮುಖ ಇದು. ಕಾಪಾಡೋರದ್ದಲ್ಲ.”

(ಈ ಮಾತನ್ನು ಸ್ವಲ್ಪ ಮೆತ್ತಗೆ ಮಾಡಲು ನೋಡಿದೆ. ಆಡಿದ್ದು ಆಡಿಯಾಗಿದೆ, ಇದ್ದ ಹಾಗೆಯೇ ಇಡಿ ಎಂದ ಅಮರೇಶ.)

೩

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ನೆಂಟರನ್ನೆಲ್ಲ ಕೂರಿಸಿಕೊಂಡು ಕ್ರಿಸ್ಟೋಫರ್ ಆ ವಿಡಿಯೋವನ್ನು ಟೀವಿಯಲ್ಲಿ ಹಾಕಿದ. ಮುಂದಿನ ಕುರ್ಚಿಯಲ್ಲಿ ಅವನ ತಾಯಿ ಇನ್ನಾಸಮ್ಮ. ಒಂಬತ್ತು, ಎಂಟು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲಿನ ಮಾತಿಗೆ ಯಾರೋ ಎದ್ದು ಟೀವಿ ಆರಿಸಿದರು.

ಸ್ವಲ್ಪ ಹೊತ್ತಿಗೆ ಅಮರೇಶನಿಗೆ ಫೋನ್ ಬಂತು.

“ಅದು ನಮ್ಮಮ್ಮನ ಮುಖ ಕಣೋ,” ಎಂದ ಕ್ರಿಸ್ಟೋಫರ್. ಇಷ್ಟು ಹೇಳಿ ಇಟ್ಟ.

ಪ್ರತಿ ಕ್ರಿಸ್ಮಸ್ಸಿಗೂ ಆ ಅಮ್ಮನ ಕೈಯಿಂದ ಸಿಹಿ ಕಲ್‌ಕಲ್ ತಿಂದವನು ಅಮರೇಶ. ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದ. ಮೂಗು ಹೌದು, ಗದ್ದ ಹೌದು. ಆದರೂ ಅದು ಇನ್ನಾಸಮ್ಮ ಅಲ್ಲ. ಅವನಿಗೆ ನಾಚಿಕೆಯಾದದ್ದು ಅದಕ್ಕೇ: ಗೊತ್ತಾದ ಮೇಲೂ ಅಂಕ ಬದಲಾಗಲಿಲ್ಲ. ಮರುದಿನದಿಂದ ಕಾರ್ಖಾನೆಯಲ್ಲಿ ಒಳ್ಳೆಯ ಮಾಲನ್ನೆಲ್ಲ ತಿರಸ್ಕರಿಸತೊಡಗಿದ. ಕೂತಲ್ಲಿ ಕೂರಲಾರ, ಮನೆಗೆ ಹೋದವನು ಚಪ್ಪಲಿ ಬಿಡದೆ ಮತ್ತೆ ಓಣಿಗೆ ಇಳಿಯುತ್ತಿದ್ದ.

೪

(ಇದನ್ನು ಹರಿದು ಹಾಕಿದ್ದೇನೆ. ಇದರಲ್ಲಿ ಅಮರೇಶ ಕ್ಷಮೆ ಕೇಳಿ ವಿಡಿಯೋ ಮಾಡುತ್ತಿದ್ದ, ಎಲ್ಲರೂ ಅಳುತ್ತಿದ್ದರು. ನಾನು ಕೂಡ.)

೫

ಕ್ರಿಸ್ಟೋಫರ್ ಡ್ಯೂಟಿಗೆ ಹೋಗಿದ್ದಾಗ ಇನ್ನಾಸಮ್ಮನೇ ಅಮರೇಶನನ್ನು ಕರೆಸಿಕೊಂಡರು. ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ಕಾಲಿಗೆ ಬೀಳಲು ಹೋದವನನ್ನು ತಡೆದು, ಮೊದಲು ಕೂತು ಸುಲಿ ಎಂದರು. ಇಬ್ಬರೂ ಸುಲಿದರು.

“ನೀನು ಹೇಳಿದ್ದು ಸರಿ ಕಣಪ್ಪ,” ಎಂದರು ಕೊನೆಗೆ. “ಅದು ನನ್ನ ಮುಖ ಅಲ್ಲ.”

ಆಮೇಲೆ ಹೇಳಿದ್ದು ಇಷ್ಟು. ಗಂಡ ಜ್ಞಾನಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನ ಯಾರೋ ತೆಗೆದ ಫೋಟೋ ಒಂದಿದೆ. ಮಗ ಅದನ್ನೇ ನೋಡಿಕೊಂಡು ಗೊಂಬೆಯ ಮುಖ ಮಾಡಿದ್ದಾನೆ. ಎಲ್ಲವನ್ನೂ ತಡೆದುಕೊಂಡ ಅಮ್ಮ ಎಂದರೆ ಅವನಿಗೆ ಆ ಫೋಟೋ. ಇನ್ನಾಸಮ್ಮನಿಗೆ ಅದನ್ನು ಕಂಡರಾಗದು. ಆದರೆ ಮಗ ಅಷ್ಟು ಗೌರವದಿಂದ ಇಟ್ಟುಕೊಂಡಿರುವುದನ್ನು ಬೇಡ ಎನ್ನಲು ಇಷ್ಟು ವರ್ಷವೂ ಬಾಯಿ ಬಂದಿಲ್ಲ.

“ಅದಾದ್ಮೇಲೆ ನಾನು ಮೊಪೆಡ್ ಕಲ್ತೆ. ಮನೆ ಖಾಲಿ ಮಾಡ್ಸೋಕೆ ಬಂದ ಮೈದುನನ್ನ ಬೀದಿಲಿ ನಿಲ್ಸಿ ಕೇಳ್ದೆ. ಎಷ್ಟ್ ನಕ್ಕಿದೀನಿ. ಅದ್ಯಾವ್ದೂ ಅವನ್ ಕಣ್ಣಿಗೆ ಬೀಳ್ಲೇ ಇಲ್ಲ.”

ಮುಖ ಮತ್ತೆ ಮಾಡಿಸು, ಆದರೆ ನಾನು ಹೇಳಿದೆ ಎಂದು ಮಾತ್ರ ಹೇಳಬೇಡ. ಅವನು ತಡೆದುಕೊಳ್ಳುವುದಿಲ್ಲ ಎಂದರು.

ಇದು ಆಗದ ಕೆಲಸ ಎಂದು ಇನ್ನಾಸಮ್ಮನ ಜೊತೆ ನಾನು ವಾದ ಮಾಡಿದೆ. ಒಂದೋ ಮಗನಿಗೆ ನೀವೇ ಸತ್ಯ ಹೇಳಿ, ಇಲ್ಲವೇ ಅಮರೇಶನನ್ನು ಬಿಟ್ಟುಬಿಡಿ, ಕಥೆ ಮುಂದೆ ಹೋಗಬೇಕಲ್ಲ ಎಂದೆ. ಕಥೆ ನಿಮ್ಮದು, ಮಗ ನನ್ನವನು ಎಂದರು.

೬

ಇಲ್ಲಿ ಎರಡು ಮುಕ್ತಾಯಗಳಿವೆ, ಬೇಕಾದರೆ ತೆಗೆದುಕೊಳ್ಳಿ. ಒಂದರಲ್ಲಿ ಅಮರೇಶ ಎಲ್ಲವನ್ನೂ ಹೇಳಿಬಿಡುತ್ತಾನೆ, ಗೆಳೆತನ ಉಳಿಯುತ್ತದೆ, ಮಗನೂ ತಾಯಿಯೂ ಒಬ್ಬರಿಗೊಬ್ಬರು ಮುಖ ತೋರಿಸಲಾರರು. ಇನ್ನೊಂದರಲ್ಲಿ ವಿಡಿಯೋ ಅಳಿಸುತ್ತಾನೆ, ಎಲ್ಲ ತಣ್ಣಗಾಗುತ್ತದೆ, ಕ್ರಿಸ್ಟೋಫರ್ ಅದೇ ಮುಖದ ಗೊಂಬೆಗಳನ್ನು ಸಾಲಾಗಿ ಮಾಡುತ್ತಾ ಹೋಗುತ್ತಾನೆ. ಎರಡನ್ನೂ ಅಮರೇಶನ ಮುಂದಿಟ್ಟೆ. ಅವನು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ಯಾವುದೂ ಕಾಲ ಮೇಲೆ ನಿಲ್ಲುವುದಿಲ್ಲ ಎಂದ.

ಆದದ್ದು ಬೇರೆ.

ರಜೆಯ ದಿನ ಮಧ್ಯಾಹ್ನ ಅಮರೇಶ ಗೊಂಬೆಯನ್ನು ಹಿಡಿದುಕೊಂಡು ನಜರ್‌ಬಾದಿನ ಆ ಹಿಂದಿನ ಕೋಣೆಗೇ ಹೋದ. ಕ್ರಿಸ್ಟೋಫರ್ ತಲೆ ಎತ್ತದೆ, ಮೊದಲು ವಿಡಿಯೋ ತೆಗೆ, ಆಮೇಲೆ ಮಾತು ಎಂದ. ತೆಗೆಯುವುದಿಲ್ಲ, ಮುಖ ಮತ್ತೆ ಮಾಡು ಎಂದ ಅಮರೇಶ.

“ನಮ್ಮಮ್ಮನ ಮುಖದಲ್ಲಿ ಏನು ಕಮ್ಮಿಯಾಗಿದೆ ಹೇಳು.”

ಉತ್ತರ ಅಮರೇಶನ ಬಾಯಲ್ಲೇ ಇತ್ತು. ನಾನೂ ಕಾದೆ. ಅವನು ನುಂಗಿಕೊಂಡು ಬೇರೆಯದನ್ನೇ ಕೇಳಿದ.

“ನೀನು ಅಮ್ಮನ್ನ ನೋಡಿ ಎಷ್ಟು ದಿನ ಆಯ್ತೋ?”

ಒಂದೇ ಮನೆಯಲ್ಲಿರುವ ಮಗನಿಗೆ ಕೇಳುವ ಪ್ರಶ್ನೆಯೇ ಇದು? ಕ್ರಿಸ್ಟೋಫರ್ ಕೆಂಪಾದ. ಗೊಂಬೆಯನ್ನು ಕಿತ್ತುಕೊಂಡು, ಪ್ಲಾಸ್ಟಿಕ್ ಮೆತ್ತಗಾಗಲೆಂದು ಕಾಯಿಸಿಟ್ಟಿದ್ದ ಬಿಸಿನೀರಿನಲ್ಲಿ ಅದ್ದಿ, ತಲೆಯನ್ನು ಎಳೆದು ತೆಗೆದ. ತಗೋ, ನಿನಗೆ ಬೇಕಾದ ತಲೆ ನೀನೇ ಇಟ್ಟುಕೋ ಎಂದ. ಮುಂಡ ಮಾತ್ರ ಎರಡು ಸಿಡಿಲು ಹಿಡಿದು ಮೇಜಿನ ಮೇಲೆ ಕದಲದೆ ನಿಂತಿತ್ತು. ಎಷ್ಟಾದರೂ ಕೀಲಿಗೆ ಒಂಬತ್ತು.

ಗಲಾಟೆ ಕೇಳಿ ಇನ್ನಾಸಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಸೌಟು. ತಲೆ ಹೋದ ಗೊಂಬೆಯನ್ನೂ ಇಬ್ಬರು ಗಂಡಸರನ್ನೂ ನೋಡಿದರು. ಮೊದಲು ಅವರ ಹುಬ್ಬು ಏರಿತು, ಆಮೇಲೆ ತುಟಿಯ ಒಂದು ಕೊನೆ.

ಕ್ರಿಸ್ಟೋಫರ್ ಅವರನ್ನೇ ನೋಡುತ್ತ ಡಬ್ಬಿಗೆ ಕೈ ಹಾಕಿ ಗೊಂಬೆಯ ತಲೆ ಮಾಡುವ ಅಂಟುಮಣ್ಣು ತೆಗೆದು ಕಲಸತೊಡಗಿದ. ಅಮ್ಮ, ಒಂಚೂರು ಹಾಗೇ ನಿಂತುಕೋ ಎಂದ. ಅನ್ನ ಸೀಯುತ್ತದೆ ಎಂದು ಅವರು ಒಳಗೆ ಹೋದರು. ಉಂಡೆ ಹಿಡಿದುಕೊಂಡು ಅವನೂ ಹಿಂದೆಯೇ ಹೋದ.

೭

ಅಡುಗೆಮನೆಗೆ ನಾನು ಹೋಗಲಿಲ್ಲ, ಅಮರೇಶನೂ ಹೋಗಲಿಲ್ಲ. ಒಳಗಿನಿಂದ ಬೈಗುಳ ಕೇಳಿಸಿತು, ಪಾತ್ರೆ ಸದ್ದಾಯಿತು, ಯಾರೋ ನಕ್ಕರು. ತಾಯಿಯೋ ಮಗನೋ, ತಿಳಿಯಲಿಲ್ಲ. ಫೋಟೋದ ಮಾತು ಬಂತೋ ಇಲ್ಲವೋ, ಅದೂ ತಿಳಿಯಲಿಲ್ಲ. ಆಮೇಲೆ ಸದ್ದಿಲ್ಲ. ಅಮರೇಶ ಬಾಗಿಲವರೆಗೆ ಹೋಗುವುದು, ವಾಪಸು ಬರುವುದು ಮಾಡುತ್ತಿದ್ದಾನೆ. ಏನಾಯಿತು, ಬರೆದು ಮುಗಿಸಿ ಎಂದು ನನಗೆ ದುಂಬಾಲು ಬಿದ್ದಿದ್ದಾನೆ. ನೀನೇ ಒಳಗೆ ಹೋಗಿ ನೋಡು ಎಂದರೆ ಒಲ್ಲೆ ಎನ್ನುತ್ತಾನೆ.

ಆ ಮಣ್ಣು ಒಮ್ಮೆ ಕಲಸಿದ ಮೇಲೆ ಹೆಚ್ಚು ಹೊತ್ತು ಕಾಯುವುದಿಲ್ಲ, ಗಟ್ಟಿಯಾಗಿಬಿಡುತ್ತದೆ. ಅದು ಗೆಳೆಯರಿಬ್ಬರಿಗೂ ಗೊತ್ತು.