ಕೈರುಚಿಯ ಮೇಲಿದ್ದ ಅಪವಾದ

ಅವಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಮುನ್ನೂರು ಜನರಿಗೆ ಅಡುಗೆ ಮಾಡುತ್ತಿದ್ದಳು. ಮುನ್ನೂರು ಜನವೂ ತಟ್ಟೆ ಬಳಿದು ತಿಂದು, ಇನ್ನೊಂದಿಷ್ಟು ಬಡಿಸಿ ಎಂದು ಚಾಚುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಅವಳ ಗಂಡನಿಗೆ ಮಾತ್ರ ಒಂಬತ್ತು ವರ್ಷದಿಂದ ಹೊಟ್ಟೆನೋವು. ಹಸಿವಾದರೆ ಎದೆಯ ಕೆಳಗೆ ಕೆಂಡ ಇಟ್ಟಂಥ ಉರಿ. ಏನಾದರೂ ತಿಂದರೆ ಒಂದೆರಡು ಗಂಟೆ ತೆಪ್ಪಗಿದ್ದು ಮತ್ತೆ ಶುರು.

ಕಾರಣ ಹುಡುಕಲು ಅತ್ತೆ ದೂರ ಹೋಗಲಿಲ್ಲ. ಸೊಸೆಯ ಕೈ ಖಾರ, ಮುಗಿಯಿತು. ಬಂದ ನೆಂಟರಿಗೆಲ್ಲ ಅದನ್ನೇ ಹೇಳುವರು. ಸೊಸೆ ಮೊದಮೊದಲು ಎದುರು ಮಾತಾಡಿದಳು. ಆಮೇಲೆ ಸೋತು, ಗಂಡನಿಗೆಂದೇ ಬೇರೆ ಪಾತ್ರೆಯಿಟ್ಟು ಸಪ್ಪೆ ಗಂಜಿ ಕಾಯಿಸತೊಡಗಿದಳು. ಏಳು ವರ್ಷ ಗಂಜಿ ಕುಡಿದರೂ ನೋವು ಜಗ್ಗಲಿಲ್ಲ. ಆಗ ಅತ್ತೆ, ಮೊದಲು ತಿಂದ ಖಾರ ಒಳಗೇ ಕೂತಿದೆ ಎಂದರು. ಬರಬರುತ್ತ ಅವಳಿಗೇ ತನ್ನ ಕೈಮೇಲೆ ಅನುಮಾನ ಹುಟ್ಟಿತ್ತು.

ಒಂದು ಬೆಳಿಗ್ಗೆ ಗಂಡ ಮಿಷನ್ನಿನ ಮುಂದೆಯೇ ಕುಸಿದುಬಿದ್ದ. ಎರಡು ದಿನದಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದ್ದುದನ್ನು ಪುಣ್ಯಾತ್ಮ ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿದರು. ಜಠರ ದಾಟಿ ಸಣ್ಣ ಕರುಳು ಶುರುವಾಗುವಲ್ಲಿ ಹುಣ್ಣು; ಅದರಿಂದ ಒಸರಿದ ರಕ್ತವೇ ಮಲದಲ್ಲಿ ಕಪ್ಪಾಗಿ ಹೋಗುತ್ತಿತ್ತು. ರಕ್ತ ಒಸರುವುದನ್ನು ನಿಲ್ಲಿಸಿ, ಜಠರದ ಒಳಪದರದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು.

ಮೂರನೆಯ ದಿನ ಡಾಕ್ಟರಮ್ಮ ಫಲಿತಾಂಶ ಹಿಡಿದು ಬಂದಾಗ, ಮಂಚದ ಪಕ್ಕ ಕೂತಿದ್ದ ಅತ್ತೆ ಸೊಸೆಯ ಖಾರದ ಪುರಾಣ ತೆಗೆದರು.

“ಖಾರದಿಂದ ಈ ಹುಣ್ಣಾಗಲ್ಲ ಅಮ್ಮ,” ಎಂದರು ಡಾಕ್ಟರಮ್ಮ. “ಹುಣ್ಣಿದ್ದಾಗ ತಿಂದ್ರೆ ಕೆಲವರಿಗೆ ಉರಿಯುತ್ತೆ, ಅಷ್ಟೇ. ಇದು ಒಂದು ಬ್ಯಾಕ್ಟೀರಿಯಾದ ಕೆಲಸ.”

ಸುರುಳಿಯಂಥ ಆ ಕ್ರಿಮಿ ಜಠರದ ಲೋಳೆಯೊಳಗೆ ಸೇರಿಕೊಂಡು, ತನ್ನ ಸುತ್ತಲಿನ ಆಮ್ಲವನ್ನು ಸಪ್ಪೆ ಮಾಡಿಕೊಂಡು ಬದುಕುತ್ತದಂತೆ. ಅದು ಇದ್ದಲ್ಲಿ ಆಮ್ಲ ಹದ ತಪ್ಪುತ್ತದೆ, ಒಳಪದರ ಸೊರಗುತ್ತದೆ; ಸೊರಗಿದ ಕಡೆ ಆಮ್ಲವೇ ಕೊರೆದು ಹುಣ್ಣು ಮಾಡುತ್ತದೆ. ಕೆಲವರಿಗೆ ನೋವಿನ ಮಾತ್ರೆಯಿಂದಲೂ ಹುಣ್ಣಾಗುವುದುಂಟು, ಇವರು ಅದನ್ನು ಮುಟ್ಟಿಲ್ಲ ಎಂದರು.

ಸೊಸೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಇದು ಯಾವಾಗ ಒಳಗೆ ಸೇರಿರುತ್ತೆ ಡಾಕ್ಟ್ರೇ?”

“ಸಾಮಾನ್ಯವಾಗಿ ಚಿಕ್ಕಂದಿನಲ್ಲೇ. ಮನೆಯವರಿಂದ ಮನೆಯವರಿಗೆ ಬರೋದೇ ಹೆಚ್ಚು.”

“ಅಂದ್ರೆ ನಾನು ಈ ಮನೆಗೆ ಕಾಲಿಡೋಕೆ ಮುಂಚೆ.”

“ಬಹುಶಃ ಹಾಗೇ.”

ಅತ್ತೆಗೆ ಮಗನ ಹೊದಿಕೆ ಸರಿಮಾಡುವ ಕೆಲಸ ತಕ್ಷಣ ನೆನಪಾಯಿತು. ಸೊಸೆ ವರಾಂಡಕ್ಕೆ ಹೋಗಿ, ಕಿಟಕಿಯ ಸರಳು ಹಿಡಿದು ಮನಸಾರೆ ಅತ್ತಳು. ಅತ್ತಾದ ಮೇಲೆ ನಗು ಬಂತು.

ಹದಿನಾಲ್ಕು ದಿನ ಹಿಡಿಗಟ್ಟಲೆ ಮಾತ್ರೆ. ಬಾಯೆಲ್ಲ ಕಹಿ ಎಂದು ಗಂಡ ಮುಖ ಸಿಂಡರಿಸಿದರೂ ಅವಳು ಒಂದು ಹೊತ್ತೂ ತಪ್ಪಿಸಗೊಡಲಿಲ್ಲ. ಎರಡು ತಿಂಗಳಾದ ಮೇಲೆ ಚೀಲವೊಂದಕ್ಕೆ ಉಸಿರು ಊದಿಸಿ ಪರೀಕ್ಷಿಸಿದರು. ಕ್ರಿಮಿ ಪೂರ್ತಿ ಹೋಗಿದೆ ಎಂದರು ಡಾಕ್ಟರಮ್ಮ. ಇನ್ನೊಂದು ಸಲ ಹೇಳಿ ಎಂದು ಸೊಸೆ ಕೇಳಿ ಹೇಳಿಸಿಕೊಂಡಳು. ಮರುದಿನ ಗಂಡ ಕ್ಯಾಂಟೀನಿನ ಸಾಲಿನಲ್ಲಿ ಎಲ್ಲರ ಜೊತೆ ನಿಂತು ಊಟ ಮಾಡಿ, ಎರಡು ಸಲ ಬಡಿಸಿಕೊಂಡ. ಲೇತ್ ವಿಭಾಗದವರು ತಟ್ಟೆ ಕುಟ್ಟಿ ಗದ್ದಲವೆಬ್ಬಿಸಿದರು.

ವರ್ಷಗಳಿಂದ ಎದೆಯುರಿ, ತೇಗು ಎಂದು ನರಳುತ್ತಿದ್ದ ಅತ್ತೆಯನ್ನೂ ಸೊಸೆ ಬಿಡಲಿಲ್ಲ, ಪರೀಕ್ಷೆಗೆ ಎಳೆದುಕೊಂಡು ಹೋದಳು. ಅಲ್ಲಿ ಸಾಲಿನಲ್ಲಿ ಒಬ್ಬ ಹೆಂಗಸು ತನ್ನ ಮಗನ ಹೊಟ್ಟೆನೋವಿಗೆ ಸೊಸೆಯ ಒಗ್ಗರಣೆಯೇ ಕಾರಣವೆಂದು ದೂರುತ್ತಿದ್ದಳು.

ಅತ್ತೆಗೆ ಕಿವಿ ಸ್ವಲ್ಪ ಮಂದ, ದನಿ ದೊಡ್ಡದು. “ಸೊಸೆ ಕೈನ ಅನ್ಬೇಡಿ ತಾಯಿ. ನಾನು ಒಂಬತ್ತು ವರ್ಷ ಅಂದೆ, ನಂದೇ ತಪ್ಪು. ಮೊದಲು ಪರೀಕ್ಷೆ ಮಾಡ್ಸಿ.”

ಇಡೀ ಸಾಲು ತಿರುಗಿ ನೋಡಿತು. ಮೆಲ್ಲಗೆ ಮಾತಾಡಿ ಅತ್ತೆ ಎಂದು ಯಾವಾಗಲೂ ಗದರುತ್ತಿದ್ದ ಸೊಸೆ, ಅಂದು ಮಾತ್ರ ತುಟಿ ಬಿಚ್ಚದೆ, ತಲೆಯೆತ್ತಿ ನಿಂತಿದ್ದಳು.