ಮಿಸ್ರಿಯಾಳ ಪುಸ್ತಕಗಳು

ಕನ್ಯಾನ ಪೇಟೆಯ ವಾಚನಾಲಯದಲ್ಲಿ ಆ ವರ್ಷದ ತಪಾಸಣೆ ಮುಗಿದಾಗ ಹನ್ನೊಂದು ಪುಸ್ತಕಗಳು ಇರಲಿಲ್ಲ. ಹದಿನಾಲ್ಕು ವರ್ಷದಿಂದ ಅಲ್ಲಿ ಗ್ರಂಥಪಾಲಕಿಯಾಗಿದ್ದ ರಾಜೀವಿಗೆ ತಲೆ ಎತ್ತಲಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಕಳೆದುಹೋದ ಪುಸ್ತಕಗಳೆಂದರೆ ಗೆದ್ದಲು ತಿಂದವು ಮಾತ್ರ.

"ಬಾಗಿಲಿಗೆ ಒಂದು ಯಂತ್ರ ಉಂಟಂತೆ," ಎಂದರು ಸಮಿತಿಯ ಅಧ್ಯಕ್ಷರಾದ ನಿವೃತ್ತ ಮಾಸ್ಟ್ರು ನಾರಾಯಣಮೂರ್ತಿ. "ಬರೆಸದೆ ಪುಸ್ತಕ ಕೊಂಡುಹೋದರೆ ಕೂಗ್ತದಂತೆ. ಮೇಲಿಂದ ಎರಡು ಕ್ಯಾಮೆರಾ. ಇಷ್ಟು ಸಣ್ಣ ಜಾಗಕ್ಕೆ ಅದೆಲ್ಲ ಬೇಕಾ ಬೇಡ್ವಾ, ನೀವೇ ನೋಡಿ ಹೇಳಿ ರಾಜೀವಿ. ಬರುವ ಆದಿತ್ಯವಾರ ತೀರ್ಮಾನ ಮಾಡುವ."

ರಾಜೀವಿ ಪಟ್ಟಿ ಹಿಡಿದು ಕೂತಳು. ಹನ್ನೊಂದೂ ಒಂದೇ ಮನೆಯಿಂದ ಬಂದವು. ಎರಡು ವರ್ಷದ ಹಿಂದೆ ಬಟ್ಟೆ ಅಂಗಡಿಯ ಯಾಕೂಬ್ ತಮ್ಮ ಮಗಳು ಮಿಸ್ರಿಯಾಳ ಪುಸ್ತಕಗಳನ್ನು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ತಂದುಕೊಟ್ಟಿದ್ದರು. ಕನ್ನಡ ಎಂ.ಎ. ಓದುತ್ತಿದ್ದ ಹುಡುಗಿ. ಜ್ವರವೆಂದು ಮಲಗಿದವಳು ಒಂಬತ್ತನೆಯ ದಿನ ತೀರಿಕೊಂಡಿದ್ದಳು.

ಆ ಹುಡುಗಿಯ ತಾಯಿ ಖತೀಜಮ್ಮ ಪ್ರತಿ ಗುರುವಾರ ಪೇಟೆಗೆ ಬಂದಾಗ ವಾಚನಾಲಯದೊಳಗೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಅವರಿಗೆ ಕನ್ನಡ ಓದಲು ಬಾರದು. ಬಿಸಿಲಿಗೆ ಬಳಲಿ ಫ್ಯಾನಿನಡಿ ಕೂರಲು ಬರುತ್ತಾರೆಂದೇ ರಾಜೀವಿ ಅಂದುಕೊಂಡಿದ್ದಳು.

ಆ ಗುರುವಾರ ಅವಳು ಕಪಾಟಿನ ಮರೆಯಲ್ಲಿ ನಿಂತು ನೋಡಿದಳು. ಖತೀಜಮ್ಮ ಒಂದು ಪುಸ್ತಕ ತೆಗೆದು, ಪುಟದಂಚಿನ ಪೆನ್ಸಿಲ್ ಬರಹದ ಮೇಲೆ ಬೆರಳಾಡಿಸಿ, ಚೀಲದಲ್ಲಿ ಬಸಳೆ ಸೊಪ್ಪಿನ ಕಟ್ಟಿನ ಕೆಳಗೆ ಸೇರಿಸಿದರು.

"ಖತೀಜಮ್ಮ," ರಾಜೀವಿ ಮೆಲ್ಲನೆ ಕರೆದಳು.

ಅವರು ಚೀಲವನ್ನು ಎದೆಗವಚಿಕೊಂಡರು. "ಕದ್ದದ್ದಲ್ಲ ಟೀಚರೇ. ಅವಳ ಅಪ್ಪ ನನ್ನತ್ರ ಒಂದು ಮಾತು ಕೇಳದೆ ಎಲ್ಲ ಕೊಟ್ಟದ್ದು. ನಾನು ತಂಗಿಯ ಮನೆಗೆ ಹೋಗಿ ಬರುವಾಗ ಕಪಾಟು ಖಾಲಿ." ಪುಸ್ತಕವನ್ನು ಮತ್ತೆ ಹೊರಗೆ ತೆಗೆದು ಬಿಡಿಸಿದರು. "ಇದು ಅವಳ ಅಕ್ಷರ ಅಲ್ವಾ? ಎಂತ ಬರ್ದಿದ್ದಾಳೆ?"

"ಅರ್ಥ ಆಗಲಿಲ್ಲ, ಸರ್ ಹತ್ತಿರ ಕೇಳಬೇಕು," ರಾಜೀವಿ ಓದಿದಳು. ಮುಂದಿನ ಪುಟದಲ್ಲಿ, "ಪರೀಕ್ಷೆಗೆ ಮುಖ್ಯ."

ಖತೀಜಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಪುಸ್ತಕವನ್ನು ಚೀಲಕ್ಕೆ ಹಾಕಿ ಕೊಟ್ಟವಳು ರಾಜೀವಿಯೇ.

ಯಂತ್ರ ಬೇಡವೆಂದು ಅವಳು ಆಗಲೇ ನಿಶ್ಚಯಿಸಿದಳು. ಆದರೆ ಪುಸ್ತಕಗಳು ಎಲ್ಲಿ ಹೋದವೆಂದು ಸಮಿತಿಗೆ ಹೇಳಬೇಕಲ್ಲ. ಕೊಟ್ಟವರಿಗೇ ಮರಳಿಸಿದೆವೆಂದು ಬರೆದು ಯಾಕೂಬರ ಸಹಿ ತೆಗೆದುಕೊಂಡರೆ ಮುಗಿಯಿತು. ಅಪ್ಪನಿಗೂ ಅರ್ಥವಾದೀತು ಎಂಬ ಧೈರ್ಯದಲ್ಲಿ ಶನಿವಾರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು.

ಯಾಕೂಬ್ ಮಡಚುತ್ತಿದ್ದ ಬಟ್ಟೆಯನ್ನು ಬದಿಗಿಟ್ಟರು. "ಅದು ಅವಳ ಹೆಸರಿನಲ್ಲಿ ಕೊಟ್ಟ ದಾನ, ಸದಕ ಟೀಚರೇ," ಎಂದರು. "ಯಾರಾದರೂ ಓದುವಷ್ಟು ದಿನ ಅದರ ಪುಣ್ಯ ನನ್ನ ಮಗಳಿಗೆ ಮುಟ್ತದೆ. ಈಗ ನನಗೆ ಅವಳಿಗೆ ಕೊಡ್ಲಿಕ್ಕೆ ಆಗುವುದು ಅದೊಂದೇ. ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ?"

 ರಾಜೀವಿ ಸಹಿಯಿಲ್ಲದ ಕಾಗದವನ್ನು ಮಡಚಿಕೊಂಡು ಬಂದಳು.

ಆದಿತ್ಯವಾರ ಬೆಳಿಗ್ಗೆ ಸಭೆಗೆ ಮೊದಲೇ ಯಾಕೂಬ್, ಆ ಗುರುವಾರದ್ದೂ ಸೇರಿ, ಹನ್ನೆರಡೂ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದೊಂದಕ್ಕೂ ಹಳೆಯ ದುಪಟ್ಟಾದ ತುಂಡು ಸುತ್ತಿತ್ತು. "ನಾನು ಜೋರು ಮಾಡ್ಲಿಲ್ಲ," ಎಂದರು, ರಾಜೀವಿಯ ಮುಖ ನೋಡದೆ. "ಮಿಸ್ರಿಯಾಳ ತಾಯಿಯೇ ತೆಗೆದು ಕೊಟ್ಟದ್ದು."

ಸಭೆ ಐದು ನಿಮಿಷದಲ್ಲಿ ಮುಗಿಯಿತು. "ಸಿಕ್ಕಿತಲ್ಲ ಮಾರಾಯ್ರೆ, ಇನ್ನು ಯಂತ್ರ ಎಂತಕ್ಕೆ?" ಎಂದು ನಾರಾಯಣಮೂರ್ತಿ ನಕ್ಕರು. ಎಲ್ಲಿ ಸಿಕ್ಕಿತೆಂದು ಯಾರೂ ಕೇಳಲಿಲ್ಲ.

ಮುಂದಿನ ಗುರುವಾರ ಖತೀಜಮ್ಮ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂಬ ಕೊರಗು ರಾಜೀವಿಯನ್ನು ಬಿಡಲಿಲ್ಲ. ಮೂರನೆಯ ವಾರ ಮಿಸ್ರಿಯಾಳ ಎರಡು ಪುಸ್ತಕ ಹಿಡಿದುಕೊಂಡು ಅವರ ಮನೆಗೇ ಹೋದಳು.

ಖತೀಜಮ್ಮ ಚಹಾ ಮಾಡಿ ಕೊಟ್ಟರು. ಪುಸ್ತಕಗಳನ್ನು ಮುಟ್ಟಲಿಲ್ಲ.

"ನನ್ನ ಹೆಸರಿನಲ್ಲಿ ಬರೆದು ತಂದದ್ದು," ಎಂದಳು ರಾಜೀವಿ. "ಬೇಕಾದಷ್ಟು ದಿನ ಇಟ್ಟುಕೊಳ್ಳಿ."

"ಬೇಡ ಟೀಚರೇ. ಅಲ್ಲೇ ಇರ್ಲಿ. ಇಲ್ಲಿ ಇಟ್ಟುಕೊಂಡರೆ ಅವಳಿಗೆ ಸಿಗುವ ಪುಣ್ಯವನ್ನು ನಾನೇ ತಡೆದ ಹಾಗೆ ಆಗ್ತದಂತೆ." ಖಾಲಿ ಲೋಟವನ್ನು ತೆಗೆದುಕೊಳ್ಳುತ್ತಾ ಮೆಲ್ಲನೆ ಕೇಳಿದರು: "ಓದ್ತಾರಲ್ವಾ? ಅವಳ ಪುಸ್ತಕಗಳನ್ನು?"

ಎರಡು ವರ್ಷದಲ್ಲಿ ಓದಲೆಂದು ಒಬ್ಬರೂ ಅವನ್ನು ಮನೆಗೆ ಒಯ್ದಿರಲಿಲ್ಲ. ಈ ಎರಡರಲ್ಲಿ ತಾನೇ ಹಾಕಿದ್ದು ಬಿಟ್ಟರೆ, ಹಿಂಬದಿಗೆ ಅಂಟಿಸಿದ ಚೀಟಿಗಳಲ್ಲಿ ಒಂದು ತಾರೀಕೂ ಬಿದ್ದಿರಲಿಲ್ಲ. ಅದು ರಾಜೀವಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಓದ್ತಾರೆ ಖತೀಜಮ್ಮ," ಎಂದಳು. "ತುಂಬ ಜನ ಓದ್ತಾರೆ."

ಖತೀಜಮ್ಮ ತಲೆಯಾಡಿಸಿದರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ರಾಜೀವಿ ನೇರ ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಮರಳಿ ತಂದ ಎರಡು ಪುಸ್ತಕಗಳಲ್ಲಿ ದಪ್ಪದ್ದನ್ನು ತೆರೆದು, ಮೊದಲ ಪುಟದಿಂದ ಓದತೊಡಗಿದಳು.