ಮೂರನೇ ಸಾಲಿನ ರುಮಾಲು

ಮೂರನೇ ಸಾಲಿನಲ್ಲಿ ತಲೆಗೆ ಕೆಂಪು ರುಮಾಲು ಸುತ್ತಿದ ಮನುಷ್ಯನೊಬ್ಬ ಎದ್ದು ನಿಂತ. ಸುತ್ತಲಿನ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅವನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ಕೂತವರ ಮೊಣಕಾಲು ದಾಟುತ್ತ, ತಗಡಿನ ಥಿಯೇಟರಿನ ಬಾಗಿಲ ಕಡೆ ನಡೆದುಬಿಟ್ಟ. ರಂಗದ ಮೇಲಿದ್ದ ಮಾಲಿಂಗ ಮುಂದಿನ ಮಾತು ಆಡುವ ಮೊದಲು ಆ ಬೆನ್ನನ್ನೊಮ್ಮೆ ನೋಡಿದ. ಹುಡುಗನಾಗಿದ್ದಾಗಿನಿಂದ ಕಂಪನಿ ನಾಟಕಗಳಲ್ಲಿ ಹಾಸ್ಯದ ಪಾತ್ರವನ್ನೇ ಮಾಡುತ್ತ ಬಂದವನು. ನಕ್ಕವರು ಅವನಿಗೆ ನೆನಪಿರುತ್ತಿರಲಿಲ್ಲ, ಎದ್ದು ಹೋದವರನ್ನು ಮರೆಯುತ್ತಿರಲಿಲ್ಲ.

ಕಂಪನಿ ಯಾವ ಊರಲ್ಲಿ ಮೊಕ್ಕಾಂ ಹೂಡಿದರೂ ಮಾಲಿಂಗ ಮಧ್ಯಾಹ್ನದ ಹೊತ್ತು ಕ್ಷೌರದಂಗಡಿಯಲ್ಲಿ ಹೋಗಿ ಕೂಡುತ್ತಿದ್ದ. ಯಾರ ಮನೆಯಲ್ಲಿ ಏನಾಯಿತು, ಯಾರ ಮೋಟರ್‌ ಸೈಕಲ್ಲು ಯಾವ ಗಟಾರಕ್ಕೆ ಬಿತ್ತು ಎಂಬುದೆಲ್ಲ ಅಲ್ಲಿ ಸಿಗುತ್ತಿತ್ತು. ಸಂಜೆಯ ಆಟದಲ್ಲಿ ಅದನ್ನೇ ಮಾತಿಗೆ ಹೆಣೆದು ಒಗೆಯುತ್ತಿದ್ದ. ಹೆಸರು ಗೊತ್ತಿದ್ದರೆ ಹೆಸರು ಹಿಡಿದೇ ಹೇಳುತ್ತಿದ್ದ. ಈ ದಿನ ಹುಕ್ಕೇರಿಯ ಲಗಮಣ್ಣ ಕತ್ತರಿ ಆಡಿಸುತ್ತ ಹೇಳಿದ್ದ:

"ಮುಂಜಾನಿ ಒಬ್ಬಾಂವ ಬಂದಿದ್ದ ಮಾಲಿಂಗಣ್ಣ, ಯಾವೂರಾಂವೋ ಏನೋ. ಮೀಸಿಗಿ ಅಷ್ಟ ಕರೀ ಬಣ್ಣ ಹಚ್ಚು ಅಂದ. ತಲಿಗಿ ಅಂದ್ರ, ತಲಿ ರುಮಾಲದಾಗ ಇರತೈತಿ, ಅದನ್ನ ಯಾರ ನೋಡ್ತಾರೋ ಅಂದ!"

ಅಷ್ಟು ಸಾಕಾಯಿತು. "ಇವತ್ತ ನಿಮ್ಮ ಹುಕ್ಕೇರಿಗಿ ಒಬ್ಬಾಂವ ಬಂದಾನ್ರೆಪಾ! ಮೀಸಿಗಿ ಇಪ್ಪತ್ತೈದು, ತಲಿಗಿ ಎಪ್ಪತ್ತು. ರುಮಾಲ ಸುತ್ತಿದ್ರ ಮೊಮ್ಮಗ, ಬಿಚ್ಚಿದ್ರ ಮುತ್ಯಾ!" ಎಂದು ಮಾಲಿಂಗ ರಂಗದ ಮೇಲೆ ಒಂದು ಸುತ್ತು ಮೊಮ್ಮಗನಂತೆ ಜಿಗಿದು, ಇನ್ನೊಂದು ಸುತ್ತು ಮುತ್ಯಾನಂತೆ ಬಾಗಿ ನಡೆದಿದ್ದ. ತಗಡು ಹಾರಿಹೋಗುವಂಥ ನಗೆ ಎದ್ದಿತ್ತು. ಕೆಂಪು ರುಮಾಲಿನವನು ಎದ್ದು ಹೋದದ್ದು ಆಗಲೇ.

ಆಟ ಮುಗಿದು, ಬಣ್ಣದ ಕೋಣೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದಾಗ ಮಗಳ ಫೋನು ಬಂತು. ಸುಮನ ಗೋಕಾಕದ ಒಂದು ದವಾಖಾನೆಯಲ್ಲಿ ನರ್ಸು. ಕುಲಗೋಡದ ಅಜಿತನೂ ಅವಳೂ ಮದುವೆಗೆ ಒಪ್ಪಿಕೊಂಡು ವರ್ಷವಾಗಿತ್ತು. ಹುಡುಗನ ಅಪ್ಪ ಕರೆಪ್ಪ ಮಾತ್ರ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಬಣ್ಣ ಹಚ್ಚುವವರ ಮನೆಯ ಹೆಣ್ಣು ಎಂದು ಅವನ ಅಣ್ಣತಮ್ಮಂದಿರು ಮೂಗು ಮುರಿದಿದ್ದರು. ಅವರಿಗೇನೂ ಹೇಳದೆ ಕರೆಪ್ಪ ಕುರಿ ಕಾಯ್ದುಕೊಂಡಿದ್ದ.

"ಅಪ್ಪಾ, ಅಜಿತನ ಅಪ್ಪಾರು ಇವತ್ತ ನಿನ್ನ ಆಟಾ ನೋಡಾಕ ಬಂದಿದ್ರಂತ. ನಿನಗ ಹೇಳಬ್ಯಾಡ ಅಂದಿದ್ರಂತ. ನೋಡಿ ಬಂದ ಮ್ಯಾಲ ಹೇಳ್ತೇನಿ ಅಂದಾರಂತ."

ಮಾಲಿಂಗನ ಕೈ ಕೆನ್ನೆಯ ಮೇಲೇ ನಿಂತಿತು. "ಕೆಂಪ ರುಮಾಲ ಸುತ್ತತಾರೇನವಾ?"

"ಹೂಂ. ಯಾಕ? ಅಪ್ಪಾ, ಏನರೆ ಅಂದೇನು?"

"ಏನಿಲ್ಲ. ನಾಳೆ ಕುಲಗೋಡಕ್ಕ ಹೋಗಿ ಬರ್ತೇನಿ."

ಮರುದಿನ ಗೋಕಾಕದಲ್ಲಿ ಬಸ್ಸು ಬದಲಿಸಿ, ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಕುಲಗೋಡ ಮುಟ್ಟುವವರೆಗೂ ಅವನು ಆಡಬೇಕಾದ ಮಾತನ್ನು ತಿರುವಿ ತಿರುವಿ ನೋಡಿದ. ಎಂಥೆಂಥ ಕೆಟ್ಟ ನಾಟಕವನ್ನೂ ಬಾಯಿಯಿಂದಲೇ ದಡ ಹಚ್ಚಿದವನಿಗೆ ಬೇಡಿಕೊಳ್ಳುವ ಎರಡು ಮಾತು ಕೂಡಿಬರಲಿಲ್ಲ. ಪಕ್ಕದಲ್ಲಿ ಕೂತವನು ಗುರುತು ಹಿಡಿದು, "ಏನರೆ ಒಂದ ಹೇಳ್ರಲಾ, ಹಾದಿ ಸರೀತೈತಿ" ಎಂದ. ಮಾಲಿಂಗ ಕಿಟಕಿಯ ಕಡೆ ಮುಖ ತಿರುಗಿಸಿದ.

ಕರೆಪ್ಪ ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಅದೇ ರುಮಾಲು, ಲಗಮಣ್ಣ ಬಣ್ಣ ಹಚ್ಚಿದ ಕಪ್ಪು ಮೀಸೆ. ಕೂಡ್ರಿ ಅನ್ನಲಿಲ್ಲ. ಹೆಂಡತಿ ಸತ್ತೆವ್ವ ಬಾಗಿಲಲ್ಲಿ ಬಂದು ನಿಂತಳು. ಮಾಲಿಂಗ ಕೈ ಮುಗಿದ.

"ನಿನ್ನಿ ತಪ್ಪಾತ್ರಿ. ನೀವಂತ ಗೊತ್ತಿರಲಿಲ್ಲ."

"ತಪ್ಪಾಗಿದ್ದು ಖರೆ," ಎಂದ ಕರೆಪ್ಪ. "ಹಂಗ ಮಾಡಬಾರದಿತ್ತು ನೀವು."

"ನನ್ನ ಬಾಯಿಗಿ ಏನ ಶಿಕ್ಷಾ ಕೊಡ್ತೀರಿ ಕೊಡ್ರಿ. ಹುಡುಗಿ ಮ್ಯಾಲ ಇಡಬ್ಯಾಡ್ರಿ ಅದನ್ನ."

"ಅಲ್ರೀ, ನನ್ನ ಹೆಸರ ಯಾಕ ಹೇಳಲಿಲ್ಲ?"

ಮಾಲಿಂಗ ಮುಗಿದ ಕೈ ಹಾಗೇ ಹಿಡಿದುಕೊಂಡು ನಿಂತ.

"ಮುಂಜಾನಿ ಗುಡಿ ಕಟ್ಟಿ ಮ್ಯಾಲ ಹೇಳೇನಿ, ಮಾಲಿಂಗ ಆಟದಾಗ ನನ್ನ ಮ್ಯಾಲ ಮಾತ ಹಾಕ್ಯಾನ ಅಂತ. ಒಬ್ಬರೂ ನಂಬವಲ್ರು! ನಿನ್ನ ಮ್ಯಾಲ ಯಾಕ ಹಾಕತಾನ, ಸುಳ್ಳ ಹೇಳಬ್ಯಾಡ ಅಂತ ನಮ್ಮ ಅಣ್ಣಾನ ನಗತಾನ. ಕುಲಗೋಡದ ಕರೆಪ್ಪ ಅಂತ ಒಂದ ಮಾತ ಅಂದಿದ್ರ ನಿಮ್ಮ ಗಂಟೇನ ಹೋಗತಿತ್ತು?"

"ಮತ್ತ... ಆಟದ ನಡಬರಕ ಯಾಕ ಎದ್ದ ಹೋದ್ರಿ?"

"ಕಡೇ ಬಸ್ಸ ತಪ್ಪತಿತ್ತಲ್ರೀ. ಅದೂ ಅಲ್ಲದ ನಕ್ಕು ನಕ್ಕು ಉಚ್ಚಿ ಬರೂ ಹೊತ್ತಾಗಿತ್ತು."

"ಥೂ, ಬೀಗರ ಮುಂದ ಆಡೂ ಮಾತ ಏನ್ರಿ ಅದು?" ಎಂದಳು ಸತ್ತೆವ್ವ. ಆಮೇಲೆ ಸೆರಗು ಬಾಯಿಗೆ ಹಿಡಿದು, "ಮೀಸಿ ಕರೀ ಮಾಡ್ಕೊಂಡ ಹೋಗಿದ್ರು ನಿಮ್ಮನ್ನ ನೋಡಾಕ. ಬೀಗಾ ಮುದುಕ ಅಂತ ಅನ್ನಬಾರದಂತ," ಎಂದಳು.

ಬೀಗರು ಎಂಬ ಮಾತು ಮಾಲಿಂಗನಿಗೆ ಎರಡನೇ ಸಲ ಕೇಳಿಸಿತು. ಕೂಡ್ರಿ ಅನ್ನುವ ಮೊದಲೇ ಅಂಗಳದ ಹಗ್ಗದ ಹೊರಸಿನ ಮೇಲೆ ಕೂತ.

"ಮದಿವಿ ನಮ್ಮೂರಾಗ ಆಗಬೇಕ ನೋಡ್ರಿ," ಎಂದ ಕರೆಪ್ಪ. "ಮೈಕಿನ್ಯಾಗ ಹೆಸರ ಹಿಡದ ಅದನ್ನ ಮತ್ತ ಹೇಳಬೇಕು. ಮುತ್ಯಾನ ನಡಗೀನೂ ಬೇಕು."

"ನನ್ನ ಮ್ಯಾಲೂ ಒಂದ ಮಾತ ಇರಲ್ರಿ ಅಣ್ಣಾರ," ಎಂದಳು ಸತ್ತೆವ್ವ ಒಳಗೆ ಚಹಾಕ್ಕೆ ಹೋಗುತ್ತ.

ಕರೆಪ್ಪ ಆಗಲೇ ಗೋಡೆಯ ಆಚೆಗೆ ಕೂಗುತ್ತಿದ್ದ: "ಅಣ್ಣಾ, ಏ ಅಣ್ಣಾ! ಬಾ ಇಲ್ಲಿ, ಮಾಲಿಂಗನ ಬಂದಾನ! ಅವನ್ನ ಕೇಳ, ನಾ ಸುಳ್ಳ ಹೇಳಿದ್ನೇನ?" ಅಣ್ಣತಮ್ಮಂದಿರು ಒಬ್ಬೊಬ್ಬರೇ ಚಪ್ಪಲಿ ಬಿಟ್ಟು ಅಂಗಳಕ್ಕೆ ಬರತೊಡಗಿದರು. ಯಾರೋ ಕರೆಪ್ಪನ ರುಮಾಲಿಗೆ ಕೈ ಹಾಕಿದರು, ಅವನು ಹಿಡಿದುಕೊಂಡ, ನಗೆಯೆದ್ದಿತು.

ಮಾಲಿಂಗನ ಫೋನು ರಿಂಗಾಯಿತು. "ಅಪ್ಪಾ, ಏನಂದ್ರು?" ಎಂದಳು ಸುಮನ. "ಅಪ್ಪಾ? ಯಾರು ಅದು, ಯಾಕ ನಗಾಕತ್ತಾರ?"

ಅವನು ಫೋನನ್ನು ಕಿವಿಯಿಂದ ತೆಗೆದು ಅಂಗಳದ ಕಡೆ ಹಿಡಿದು ಕೂತ. ಹಗ್ಗ ಬಿಚ್ಚಿಕೊಂಡ ಮರಿಯೊಂದು ಅವನ ಧೋತರದ ತುದಿ ಬಾಯಲ್ಲಿಟ್ಟುಕೊಂಡು ಮೆಲ್ಲಗೆ ಅಗಿಯುತ್ತಿತ್ತು. ಮಾಲಿಂಗ ಅದನ್ನು ನೋಡಿದ. ಬಿಡಿಸಿಕೊಳ್ಳಲಿಲ್ಲ.